ಕಲ್ಯಾಣದ ಗವಿಗಳಿಂದ ಬೀದರಿನ ಝರಣಿಯವರೆಗೆ

ಬಯಲುಸೀಮೆಯವರಾದ ನಮಗೆ ಗವಿಯೆಂದರೆ ಪುರಾಣದಲ್ಲಿ ಕೇಳಿದ ಮಾತು. ಝರಿಯೆಂದರೆ ಮಲೆನಾಡಿನವರ ಸೊತ್ತು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಕಣ್ಣು ಹಾಯುವಷ್ಟು ದೂರ ತೊಗರಿ, ಜೋಳ, ಕಬ್ಬಿನ ಹೊಲಗಳು. ನಡುನಡುವೆ ಬೇವಿನ ನೆರಳು, ಜಾಲಿಯ ಬೇಲಿ. ಗುಡ್ಡವೆಂಬುದನ್ನು ಕಾಣಬೇಕಾದರೆ ಮಕ್ಕಳು ಪಠ್ಯಪುಸ್ತಕವನ್ನೇ ತೆರೆಯಬೇಕು. ಆದರೂ ನಮ್ಮ ಮನೆಯಂಗಳದಿಂದ ಒಂದು ಹಗಲಿನ ದಾರಿಯೊಳಗೆ ಶರಣರು ಧ್ಯಾನಕ್ಕೆ ಕುಳಿತ ಗವಿಗಳೂ, ಎದೆಯುದ್ದದ ನೀರಿನಲ್ಲಿ ನಡೆದುಹೋಗಬೇಕಾದ ಗುಹಾಲಯವೂ ಇವೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ತಿಳಿದವರೂ ‘ಎಂದಾದರೊಮ್ಮೆ ಹೋದರಾಯಿತು’ ಎಂದು ವರ್ಷಗಳನ್ನು ದೂಡುತ್ತಿರುತ್ತಾರೆ. ನಾವೂ ಹಾಗೆಯೇ ದೂಡಿದವರು.

ನಮ್ಮ ಗೆಳೆತನ ಕಲಬುರಗಿಯ ಕಾಲೇಜು ದಿನಗಳದು. ಅಂದು ಒಂದೇ ಕೋಣೆಯಲ್ಲಿ ರೊಟ್ಟಿಯ ಗಂಟು ಬಿಚ್ಚಿ ಹಂಚಿಕೊಂಡು ಉಂಡವರು ಇಂದು ಮೂರು ತಾಲ್ಲೂಕುಗಳಲ್ಲಿ ಚದುರಿಹೋಗಿದ್ದೇವೆ. ಆಳಂದದವರು ನಾವಿಬ್ಬರು, ಜೊತೆಗಾರರಿಗೆ ತೊಗರಿಬೇಳೆಯ ವ್ಯಾಪಾರ. ಆಳಂದವು ಏಕಾಂತದ ರಾಮಯ್ಯನವರ ಹುಟ್ಟೂರು ಎಂಬ ಅಭಿಮಾನ ನಮಗೆ ಸಹಜವಾಗಿಯೇ ಇದೆ. ಜೇವರ್ಗಿಯ ಗೆಳೆಯರು ಮಾಸ್ತರರು. ‘ಅಖಂಡೇಶ್ವರ’ ಅಂಕಿತದಲ್ಲಿ ವಚನಗಳನ್ನು ಬರೆದ ಷಣ್ಮುಖ ಶಿವಯೋಗಿಗಳ ಊರಿನವರಾದ ಕಾರಣ ಶರಣಸಾಹಿತ್ಯವೆಂದರೆ ಅವರಿಗೆ ಬಾಯಿಪಾಠ. ಮೂರನೆಯವರು ಅಫಜಲಪುರ ತಾಲ್ಲೂಕಿನ ಭೀಮಾತೀರದ ಒಕ್ಕಲಿಗರು. ಲಗ್ನ, ಶ್ರಾವಣದ ಪುರಾಣ, ಜಾತ್ರೆ ಇಂಥ ಸಂದರ್ಭಗಳಲ್ಲಿ ಮಾತ್ರ ಸೇರುತ್ತಿದ್ದ ನಮಗೆ, ‘ಎರಡು ದಿನ ಸಂಸಾರದ ಹೊರೆ ಇಳಿಸಿ ಎಲ್ಲಿಗಾದರೂ ಹೋಗಿಬರೋಣ’ ಎಂಬ ವಿಚಾರ ಜೇವರ್ಗಿಯ ಒಂದು ಲಗ್ನದ ಪಂಕ್ತಿಯಲ್ಲಿ ಹೊಳೆಯಿತು. ಮಾಸ್ತರರ ಸೋದರಳಿಯ, ಇಪ್ಪತ್ತೆರಡರ ತರುಣ, ‘ನಾನೂ ಬರ್ತೀನ್ರಿ ಮಾಮಾ’ ಎಂದ. ಅಫಜಲಪುರದ ಗೆಳೆಯರ ಹದಿನಾಲ್ಕು ವರ್ಷದ ಮಗನೂ ಹಟಹಿಡಿದ. ಹೀಗೆ ಕಾರ್ತಿಕ ಮಾಸದ ಒಂದು ಶನಿವಾರ ಬೆಳಗಿನ ಜಾವ ಆರು ಮಂದಿ ಆಳಂದದಿಂದ ಜೀಪು ಹತ್ತಿದೆವು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಗಟ್ಟಿ ಮೊಸರು ಇದ್ದವು.

ಹೊರಡುವಾಗ ಒಂದು ಸಣ್ಣ ವಿನೋದ ನಡೆಯಿತು. ಅಫಜಲಪುರದ ಗೆಳೆಯರು ಸೀಟಿನಡಿ ನಲವತ್ತು ಮೊಳದ ನೂಲಿನ ಹಗ್ಗವನ್ನೂ ಬಿರಡೆ ಬಿಗಿದ ಬರಿದಾದ ಪ್ಲಾಸ್ಟಿಕ್ ಕ್ಯಾನನ್ನೂ ಇರಿಸಿದರು. ‘ಎಮ್ಮಿ ಕಟ್ಟಲಿಕ್ಕೇನ್ರಿ ಗೌಡ್ರ?’ ಎಂದು ಬೇಳೆಯ ವ್ಯಾಪಾರಿಗಳು ನಕ್ಕರು. ಗೆಳೆಯರು ನಗಲಿಲ್ಲ. ಅದರ ಕಾರಣ ನಮ್ಮಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು. ಹನ್ನೊಂದು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ಎತ್ತುಗಳ ಮೈತೊಳೆಯಲು ಭೀಮೆಗಿಳಿದ ಅವರ ತಮ್ಮ ಮರಳು ತೆಗೆದು ಬಿದ್ದ ತಗ್ಗಿನಲ್ಲಿ ಕಾಲುಜಾರಿ ಮುಳುಗಿದ್ದ. ಮೊಣಕಾಲುದ್ದದ ನೀರಿನ ಪಕ್ಕದಲ್ಲಿಯೇ ಎರಡಾಳು ಆಳದ ಗುಂಡಿ. ಈಜುಬಲ್ಲ ಅಣ್ಣ ದಂಡೆಯಿಂದ ಹಾರಿ ಹುಡುಕಿದರೂ ಸಿಗಲಿಲ್ಲ. ಅಂದಿನಿಂದ ಅವರು ಹೊಳೆಗೆ ಇಳಿದವರಲ್ಲ. ದೇವಲಗಾಣಗಾಪುರದ ಸಂಗಮಕ್ಕೆ ಹೋದರೂ, ಘತ್ತರಗಿಯ ಭಾಗ್ಯವಂತಿಯ ಜಾತ್ರೆಗೆ ಹೋದರೂ, ದಂಡೆಯ ಮೇಲೆ ಕುಳಿತು ಬೊಗಸೆ ನೀರನ್ನು ತಲೆಗೆ ಚಿಮುಕಿಸಿಕೊಂಡು ಬಂದುಬಿಡುತ್ತಾರೆ.

ಕಲ್ಯಾಣದ ಗವಿಗಳಲ್ಲಿ

ಆಳಂದದಿಂದ ಈಶಾನ್ಯಕ್ಕೆ ಹೊರಟವರು ಬಿಸಿಲೇರುವ ಮುನ್ನವೇ ಬಸವಕಲ್ಯಾಣ ಸೇರಿದೆವು. 11ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನ ಕಾಲಕ್ಕೆ ಚಾಲುಕ್ಯರ ರಾಜಧಾನಿಯಾಗಿ ಮೆರೆದ ಊರಿದು. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಬಿಲ್ಹಣನೂ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನೂ ಇದ್ದುದು ಇಲ್ಲಿಯೇ. ಆದರೆ ನಮ್ಮ ಪಾಲಿಗೆ ಕಲ್ಯಾಣವೆಂದರೆ 12ನೆಯ ಶತಮಾನ. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಲೇ ಬಸವಣ್ಣನವರು ಕಟ್ಟಿದ ಶರಣರ ಸಮುದಾಯ. 2012ರಲ್ಲಿ ಲೋಕಾರ್ಪಣೆಯಾದ 108 ಅಡಿ ಎತ್ತರದ ಬಸವೇಶ್ವರ ಮೂರ್ತಿಯನ್ನು ದೂರದಿಂದಲೇ ಕಂಡು ಕೈಮುಗಿದೆವು. ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದುದೂ ಇದೇ ಊರಿನಲ್ಲಿ. ಬರುವ ಯಾತ್ರಿಕರಲ್ಲಿ ಹೆಚ್ಚಿನವರು ಈ ದೊಡ್ಡ ಕಟ್ಟಡಗಳನ್ನು ಕಂಡು ಮರಳಿಬಿಡುತ್ತಾರೆ. ನಮಗೆ ಬೇಕಾಗಿದ್ದುದು ಚಿಕ್ಕ ಬಾಗಿಲುಗಳು.

ಬಸವಣ್ಣನವರ ಅರಿವಿನ ಮನೆ, ಅಕ್ಕನಾಗಮ್ಮನವರ ಗವಿ, ಹರಳಯ್ಯನವರ ಗವಿ, ನುಲಿಯ ಚಂದಯ್ಯನವರ ಗವಿ ಹೀಗೆ ಒಂದೊಂದನ್ನೂ ಭಕ್ತಪರಂಪರೆ ಒಬ್ಬೊಬ್ಬ ಶರಣರ ಹೆಸರಿನಿಂದ ಗುರುತಿಸಿಕೊಂಡು ಬಂದಿದೆ. ಇವು ಅಜಂತಾ, ಬಾದಾಮಿಗಳಂತೆ ಶಿಲ್ಪಿಗಳ ಕೈಚಳಕ ತೋರುವ ಗುಹೆಗಳಲ್ಲ. ಚಿತ್ರವಿಲ್ಲ, ಕಂಬದ ಸಾಲಿಲ್ಲ. ಬಾಗಿ ಒಳಹೋಗಬೇಕು, ಕುಳಿತರೆ ತಲೆಗೆ ಬಂಡೆ ತಾಗದಷ್ಟು ಎತ್ತರ, ಒಬ್ಬಿಬ್ಬರು ಧ್ಯಾನಕ್ಕೆ ಕೂರುವಷ್ಟು ಜಾಗ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಉಸಿರಿನ ಸದ್ದು ತನಗೇ ಕೇಳುವಷ್ಟು ಮೌನ. ಹಗಲೆಲ್ಲ ಕಾಯಕ, ಸಂಜೆಗೆ ಅನುಭಾವ ಎಂಬ ಕ್ರಮದಲ್ಲಿ ಬಾಳಿದವರಿಗೆ ಇಷ್ಟೇ ಸಾಕಾಗಿತ್ತೆಂದು ಕಾಣುತ್ತದೆ.

ಹರಳಯ್ಯನವರ ಗವಿಯಲ್ಲಿ ನಾವು ಬಹಳ ಹೊತ್ತು ಮಾತಾಡಲಿಲ್ಲ. ಸಮಗಾರ ಹರಳಯ್ಯನವರ ಮಗ, ಬ್ರಾಹ್ಮಣ ಮಧುವರಸರ ಮಗಳು ಇವರ ಕಲ್ಯಾಣವನ್ನು ಶರಣರು ನಡೆಸಿದುದೂ, ಅದಕ್ಕಾಗಿ ಆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾದುದೂ ಪ್ರತಿ ಮನೆಯಲ್ಲಿ ಹೇಳುವ ಕಥೆ. 1167ರ ಸುಮಾರಿನ ಆ ಕಲ್ಯಾಣಕ್ರಾಂತಿಯ ನಂತರ ಶರಣರು ಚದುರಿದರು. ಅಕ್ಕನಾಗಮ್ಮನವರೂ ಚೆನ್ನಬಸವಣ್ಣನವರೂ ವಚನದ ಕಟ್ಟುಗಳನ್ನು ಕಾಪಾಡಿಕೊಳ್ಳುತ್ತ ಉಳವಿಯ ಕಾಡಿನ ದಾರಿ ಹಿಡಿದರೆಂದು ಪರಂಪರೆ ಹೇಳುತ್ತದೆ. ಅಲ್ಲಿಯೂ ಅವರ ಹೆಸರಿನ ಗವಿಗಳಿವೆ. ಕಲ್ಯಾಣದ ಗವಿ ಸಾಧನೆಯ ಜಾಗವಾದರೆ ಉಳವಿಯ ಗವಿ ಆಶ್ರಯದ ಜಾಗ. ‘ಈ ಗವಿ ನೋಡಿದವ್ರು ಆ ಗವಿ ನೋಡಲಿಕ್ಕೇ ಬೇಕು’ ಎಂದರು ಮಾಸ್ತರರು.

ಒಂದೆಡೆ ಗವಿಯ ಹಿಂಬದಿಯಲ್ಲಿ ಕಪ್ಪಗೆ ಒಂದು ಕಿಂಡಿ ಕಂಡಿತು. ತರುಣನು ಮೊಬೈಲಿನ ಬೆಳಕು ಹಿಡಿದು ತೆವಳುತ್ತ ಒಳಹೋಗಲು ಸಿದ್ಧನಾದ. ಬಾಗಿಲ ಬಳಿ ಕಸ ಗುಡಿಸುತ್ತಿದ್ದ ವೃದ್ಧೆಯೊಬ್ಬರು, ‘ತಮ್ಮಾ, ಶರಣ್ರು ಇಲ್ಲಿ ಕುಂತಿದ್ರು, ಇಲಿ ಆಡ್ದಂಗ ಆಡಿಲ್ಲ. ನೀನೂ ಕುಂದ್ರು’ ಎಂದುಬಿಟ್ಟರು. ಎಲ್ಲರೂ ನಕ್ಕೆವು, ಅವನೂ ನಕ್ಕು ಕುಳಿತ.

ತ್ರಿಪುರಾಂತ ಕೆರೆಯ ಬಳಿಯ ನುಲಿಯ ಚಂದಯ್ಯನವರ ಗವಿಗೆ ಬಂದಾಗ ಮಾಸ್ತರರು ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಥೆ ಹೇಳಿದರು. ಕೆರೆಯ ಹುಲ್ಲು ಕೊಯ್ದು, ಹೊಸೆದು, ಹಗ್ಗಮಾಡಿ ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದವರು ಚಂದಯ್ಯನವರು. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗವೇ ನೀರಿಗೆ ಬಿದ್ದಿತು. ಹುಡುಕುತ್ತ ನಿಂತರೆ ಕಾಯಕ ತಡವಾದೀತು, ದಾಸೋಹ ತಪ್ಪೀತೆಂದು ಅವರು ಹೊರೆ ಹೊತ್ತು ನಡೆದೇಬಿಟ್ಟರಂತೆ. ಲಿಂಗವೇ ಎದ್ದು ಬಂದು ‘ನನ್ನನ್ನು ಧರಿಸು’ ಎಂದು ಬೆನ್ನುಹತ್ತಿದರೂ ಒಪ್ಪಲಿಲ್ಲ. ಕಡೆಗೆ ಮಡಿವಾಳ ಮಾಚಯ್ಯನವರ ಮಾತಿನಂತೆ ಲಿಂಗಕ್ಕೂ ಹಗ್ಗ ಮಾರುವ ಕಾಯಕ ಹಚ್ಚಿ ಸ್ವೀಕರಿಸಿದರು. ‘ಶೂನ್ಯಸಂಪಾದನೆ’ಯಲ್ಲಿ ಈ ಪ್ರಸಂಗ ವಿಸ್ತಾರವಾಗಿ ಬಂದಿದೆ. ಹುಡುಗ ಕೇಳುತ್ತ ಕೇಳುತ್ತ ತಂದೆಯ ಮುಖ ನೋಡಿದ. ಅವರು ಕೆರೆಯತ್ತ ಬೆನ್ನುಮಾಡಿ ಕುಳಿತಿದ್ದರು.

ಹೆಸರಿಲ್ಲದ ಹೊಂಡ

ಮಧ್ಯಾಹ್ನ ಹುಮನಾಬಾದಿನ ದಾರಿ ಹಿಡಿದು ಬೀದರಿಗೆ ಹೊರಟೆವು. ಊಟಕ್ಕೆ ನೆರಳು ಹುಡುಕುತ್ತ ಡಾಂಬರು ರಸ್ತೆ ಬಿಟ್ಟು ಒಳಗೆ ಸರಿದಾಗ, ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯೊಂದರಲ್ಲಿ ಮಳೆನೀರು ನಿಂತು ಪಚ್ಚೆಯಂತೆ ಹೊಳೆಯುತ್ತಿರುವುದು ಕಂಡಿತು. ರೊಟ್ಟಿಯ ಗಂಟು ಬಿಚ್ಚಿ ಉಂಡೆವು. ಉಂಡ ಮೇಲೆ ತರುಣನು ಅಂಗಿ ಕಳಚಿದ. ಬಾವಿಯಲ್ಲಿ ಈಜು ಕಲಿತವನು, ಧೈರ್ಯಸ್ಥ. ‘ಬ್ಯಾಡಪ್ಪಾ, ಉಂಡ ಮ್ಯಾಲೆ’ ಎಂದು ಮಾಸ್ತರರು ಹೇಳುವಷ್ಟರಲ್ಲಿ ಅಂಚಿನಿಂದ ಹಾರಿಯಾಗಿತ್ತು. ಮೇಲೆದ್ದು ನಕ್ಕ, ಮತ್ತೊಮ್ಮೆ ಮುಳುಗಿದ. ನಾವು ಮಾತಿನಲ್ಲಿದ್ದೆವು. ದೊಡ್ಡವರಾದ ನಮ್ಮಲ್ಲಿ ಒಬ್ಬರೂ ಗಮನಿಸಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡದೆ ಹೇಳಲೇಬೇಕು. ಗಮನಿಸಿದವನು ಹದಿನಾಲ್ಕರ ಹುಡುಗ.

‘ಅಪ್ಪಾ, ಅಣ್ಣ ಮಾತಾಡ್ಲಿಕ್ಕತ್ತಿಲ್ಲ.’

ತಿರುಗಿ ನೋಡಿದೆವು. ತರುಣನು ಕೂಗುತ್ತಿರಲಿಲ್ಲ, ಕೈಬೀಸುತ್ತಿರಲಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದು ಬಂದು ಹೋಗುತ್ತಿತ್ತು. ಕೈಗಳು ನಯವಾಗಿ ಕಡಿದ ಕಲ್ಲಿನ ಗೋಡೆಯನ್ನು ತಡವುತ್ತಿದ್ದವು. ಹಿಡಿಯಲು ಒಂದು ಬೆರಳಿನಷ್ಟೂ ಆಸರೆಯಿಲ್ಲ. ಮೇಲೆ ಬೆಚ್ಚಗಿದ್ದ ನೀರು ಕೆಳಗೆ ಮಂಜಿನಂತೆ ತಣ್ಣಗಿದ್ದು, ಕಾಲಿನ ಸ್ನಾಯು ಹಿಡಿದುಕೊಂಡಿತ್ತೆಂದು ಅವನು ಆಮೇಲೆ ಹೇಳಿದ. ಮಾಸ್ತರರು ಧೋತರ ಎತ್ತಿಕಟ್ಟಿ ಹಾರಲು ಮುಂದಾದರು. ಅಫಜಲಪುರದ ಗೆಳೆಯರು ಅವರ ರಟ್ಟೆ ಹಿಡಿದು ಹಿಂದಕ್ಕೆಳೆದರು: ‘ಹಾರಬ್ಯಾಡ್ರಿ ಮಾಸ್ತರ! ಒಬ್ಬನ್ನ ಹಿಡೀಲಿಕ್ಕ ಹೋಗಿ ಇಬ್ಬರನ್ನ ಕೊಡಬೇಕಾಗ್ತದ!’ ಮರುಕ್ಷಣ ಜೀಪಿನ ಬಳಿ ಓಡಿ ಕ್ಯಾನಿಗೆ ಬಿಗಿದ ಹಗ್ಗ ತಂದು ಎಸೆದರು. ಮೊದಲನೆಯ ಎಸೆತ ತಪ್ಪಿತು. ಎಳೆದುಕೊಂಡು ಮತ್ತೆ ಎಸೆದರು. ಎರಡನೆಯದು ಅವನ ಎದೆಯ ಬಳಿಯೇ ಬಿದ್ದಿತು. ಕ್ಯಾನನ್ನು ಅಪ್ಪಿಕೊಂಡ. ಗೋಡೆ ತಗ್ಗಾಗಿದ್ದ ಕಡೆಗೆ ಎಲ್ಲರೂ ಸೇರಿ ಎಳೆದು ತಂದೆವು.

ದಂಡೆಗೆ ಬಂದ ತರುಣ ಕೆಮ್ಮಿ ಕೆಮ್ಮಿ ನೀರು ಕಾರಿದ. ಸುಧಾರಿಸಿಕೊಂಡವನು ಮೊದಲು ಮುಟ್ಟಿದ್ದು ಕೊರಳನ್ನು, ಕರಡಿಗೆ ಇತ್ತು. ಹುಮನಾಬಾದಿನಲ್ಲಿ ವೈದ್ಯರಿಗೆ ತೋರಿಸಿ, ಶ್ವಾಸಕೋಶಕ್ಕೆ ತೊಂದರೆಯಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಂದೆ ಹೊರಟೆವು. ಜೀಪಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಬೇಳೆಯ ವ್ಯಾಪಾರಿಗಳು ಒದ್ದೆ ಹಗ್ಗವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಸುತ್ತುತ್ತ ಕುಳಿತಿದ್ದರು.

ರಾತ್ರಿ ಬೀದರಿನ ವಸತಿಗೃಹದಲ್ಲಿ ಮಾಸ್ತರರೇ ಮಾತು ತೆಗೆದರು. ಜೇವರ್ಗಿ, ಶಹಾಬಾದ ಭಾಗದಲ್ಲಿ ಫರಸಿ ಕಲ್ಲು ತೆಗೆದ ಖಣಿಗಳು ಎಷ್ಟೋ ಇವೆ. ಮಳೆಗಾಲ ಮುಗಿದೊಡನೆ ಅವೆಲ್ಲ ಕೊಳಗಳಂತೆ ಕಾಣುತ್ತವೆ. ತಾವು ಶಾಲೆಯಲ್ಲಿ ಮಕ್ಕಳಿಗೆ ಪ್ರತಿ ವರ್ಷವೂ ಎಚ್ಚರಿಕೆ ಹೇಳುತ್ತಿದ್ದವರು, ಇಂದು ಎದುರಿಗೇ ನೋಡುತ್ತ ಕುಳಿತೆವಲ್ಲ ಎಂದು ನೊಂದುಕೊಂಡರು. ಅಫಜಲಪುರದ ಗೆಳೆಯರು ಒಂದೇ ಮಾತು ಆಡಿದರು: ‘ಅವತ್ತ ನನ್ನ ಕೈಯಾಗ ಹಗ್ಗ ಇದ್ದಿದ್ದಿಲ್ಲರಿ.’

ಬಂಡೆಯೊಳಗಿನ ನೀರು

ಮರುದಿನ ಭಾನುವಾರ ನಸುಕಿನಲ್ಲೇ ಪಟ್ಟಣದ ಅಂಚಿನಲ್ಲಿರುವ ಝರಣಿ ನರಸಿಂಹ ಗುಹಾಲಯಕ್ಕೆ ಹೋದೆವು. ಜನಸಂದಣಿ ಸೇರುವ ಮುನ್ನ ಹೋಗುವುದು ಲೇಸು. ಗುಡ್ಡದೊಳಕ್ಕೆ ಸುಮಾರು 300 ಮೀಟರ್ ಉದ್ದದ ಸುರಂಗ. ಅದರ ತುಂಬ ನಾಲ್ಕೈದು ಅಡಿ ನೀರು. ಅದರಲ್ಲೇ ನಡೆದುಹೋಗಿ ಕೊನೆಯಲ್ಲಿ ಬಂಡೆಯ ಮೇಲೆ ಒಡಮೂಡಿದ ನರಸಿಂಹನನ್ನೂ, ಅಲ್ಲಿಯೇ ಇರುವ ಶಿವಲಿಂಗವನ್ನೂ ಕಾಣಬೇಕು. ಶಿವಭಕ್ತನಾಗಿದ್ದ ಜಲಾಸುರನು ನರಸಿಂಹನಿಂದ ಹತನಾಗಿ ನೀರಾಗಿ ಹರಿದನೆಂಬುದು ಸ್ಥಳಪುರಾಣ. ಆತ ಪೂಜಿಸಿದ ಲಿಂಗವೇ ಅದೆನ್ನುತ್ತಾರೆ.

ಇಲ್ಲಿ ನೀರು ಎಲ್ಲಿಂದ ಬರುತ್ತದೆ? ಹುಡುಗ ಕೇಳಿದ ಪ್ರಶ್ನೆಯಿದು. ಓದುಗ ಬಾಂಧವರ ಮಕ್ಕಳೂ ಕೇಳಬಹುದು. ನಮ್ಮ ಆಳಂದ, ಅಫಜಲಪುರಗಳ ಕಪ್ಪುನೆಲದ ಅಡಿಯಲ್ಲಿರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದು ತಣಿದ ಕಪ್ಪುಕಲ್ಲು. ಜೇವರ್ಗಿಯ ಕಡೆಗೆ ಸಾಗಿದರೆ ಅದಕ್ಕಿಂತ ಎಷ್ಟೋ ಹಳೆಯದಾದ, ಪುರಾತನ ಸಮುದ್ರದ ತಳದಲ್ಲಿ ಪದರಪದರವಾಗಿ ಕೂಡಿದ ಸುಣ್ಣಕಲ್ಲು ಸಿಗುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ ಫರಸಿ ಅದೇ. ಬೀದರಿನಲ್ಲಿಯೂ ಕೆಳಗಿರುವುದು ಕಪ್ಪುಕಲ್ಲೇ. ಆದರೆ ಅದರ ಮೇಲ್ಭಾಗವು ದೀರ್ಘಕಾಲದ ಮಳೆ ಬಿಸಿಲಿಗೆ ಶಿಥಿಲಗೊಂಡು, ಕಬ್ಬಿಣದ ಅಂಶ ಉಳಿದು, ಕೆಂಪು ಜಂಬಿಟ್ಟಿಗೆಯಾಗಿದೆ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಈ ಕಲ್ಲು ರಂಧ್ರಮಯ. ಬಿದ್ದ ಮಳೆ ಜೇನುಗೂಡಿನಲ್ಲಿ ಇಳಿದಂತೆ ಕೆಳಗಿಳಿಯುತ್ತದೆ. ತಳದ ಜೇಡಿ ಮತ್ತು ಕಪ್ಪುಕಲ್ಲಿನ ಪದರ ಅದನ್ನು ತಡೆಯುತ್ತದೆ. ಮುಂದೆ ದಾರಿಕಾಣದ ನೀರು ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಝರಣಿಯ ಗುಹೆ, ಪಾಪನಾಶದ ಶಿವಾಲಯದ ಕೊಳ, ಗುರುನಾನಕ್ ಝೀರಾ ಈ ಮೂರರ ನೀರಿಗೂ ಈ ಕೆಂಪುಕಲ್ಲೇ ತವರು. ಹಾಗೆಂದೇ ಮಳೆ ಕೈಕೊಟ್ಟ ವರ್ಷಗಳಲ್ಲಿ ಒರತೆ ಸೊರಗುತ್ತದೆ. ಹೊರಡುವ ಮುನ್ನ ಗುಹೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ನೀರಿಗಿಳಿಯುವ ಮುನ್ನ ಮಾಸ್ತರರು ಎಲ್ಲರ ಶಿವದಾರವನ್ನು ಪರೀಕ್ಷಿಸಿದರು. ಸಡಿಲವಾಗಿದ್ದವನ್ನು ಗಿಡ್ಡಮಾಡಿ ಕಟ್ಟಿ, ಕರಡಿಗೆ ಕೊರಳಿಗೆ ಅಂಟಿರುವಂತೆ ಮಾಡಿದರು. ‘ನಾವೇನ್ ಚಂದಯ್ಯನವರಲ್ಲ, ನಮ್ಮ ಬೆನ್ನ ಹತ್ತಿ ಲಿಂಗ ಬರೂದಿಲ್ಲ’ ಎಂದರು. ನಿನ್ನೆಯಿಂದ ಮೊದಲ ಬಾರಿಗೆ ತರುಣ ಮನಸಾರೆ ನಕ್ಕ.

ಹುಡುಗ ತಂದೆಯ ಮುಂದೆ ನಿಂತು, ‘ಅಪ್ಪಾ, ನಾ ಹೋಗ್ಲೇನು?’ ಎಂದು ಕೇಳಿದ. ಗೆಳೆಯರು ಬಹಳ ಹೊತ್ತು ಉತ್ತರಿಸಲಿಲ್ಲ. ಆಮೇಲೆ, ‘ಮಾಸ್ತರ ಕೈ ಹಿಡಕೊಂಡು ಹೋಗು. ಬಿಡಬ್ಯಾಡ’ ಎಂದರು. ತಾವೂ ಎರಡು ಮೆಟ್ಟಿಲು ಇಳಿದರು. ನೀರು ಮೊಣಕಾಲಿಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತು. ‘ನೀವು ಹೋಗಿಬರ್ರಿ’ ಎಂದು ಮೇಲೇರಿ ಗೋಡೆಗೆ ಒರಗಿ ನಿಂತರು. ನಾವು ಒತ್ತಾಯಿಸಲಿಲ್ಲ. ದುಃಖಕ್ಕೆ ಅದರದೇ ಆದ ನಡಿಗೆಯಿರುತ್ತದೆ. ಹೊರಗಿನವರು ಅದನ್ನು ತಳ್ಳಬಾರದು.

ಒಳಗಿನ ನಡಿಗೆಯನ್ನು ಹೇಗೆ ವರ್ಣಿಸಬೇಕು! ದೀಪದ ಬೆಳಕು ನೀರಿನ ಮೇಲೆ ಬಿದ್ದು ಗೋಡೆಯ ಮೇಲೆ ಕುಣಿಯುತ್ತದೆ. ತಲೆಯ ಮೇಲೆ ಬಾವಲಿಗಳು ಗೊಂಚಲುಗೊಂಚಲಾಗಿ ತೂಗುತ್ತವೆ. ನೂರಾರು ಜನ ಕೆಳಗೆ ನಡೆದರೂ ಅವುಗಳ ನಿದ್ದೆ ಕೆಡದು. ನೀರು ಮೊದಲು ಸೊಂಟಕ್ಕೆ, ಆಮೇಲೆ ಎದೆಗೆ. ಎತ್ತರ ಕಡಿಮೆಯಿರುವವರಿಗೆ ಗದ್ದದವರೆಗೂ. ಕಾಲಡಿ ನುಣುಪು ಕಲ್ಲು. ಎದುರಿಗೆ ಬರುವ ಅಪರಿಚಿತರು ಪಕ್ಕಕ್ಕೆ ಸರಿದು ದಾರಿಬಿಡುತ್ತಾರೆ, ಅಂಜಿದ ಹೆಂಗಸರಿಗೆ ಕೈಕೊಡುತ್ತಾರೆ, ಹೆಗಲ ಮೇಲೆ ಕೂಸು ಹೊತ್ತವರನ್ನು ನಡುವೆ ಬಿಟ್ಟುಕೊಳ್ಳುತ್ತಾರೆ. ಎದೆಯುದ್ದ ನೀರಿನಲ್ಲಿ ನಿಂತವರ ಕುಲ ಕೇಳುವವರಾರು? ಕಲ್ಯಾಣದ ಗವಿಗಳಲ್ಲಿ ಕೇಳಿಬಂದ ಪಾಠವನ್ನು ಈ ಗುಹೆಯಲ್ಲಿ ಕಣ್ಣಾರೆ ಕಂಡೆವು. ಕೊನೆಯಲ್ಲಿ ಎಂಟು ಹತ್ತು ಜನ ನಿಲ್ಲುವಷ್ಟು ಸ್ಥಳ. ಅಲ್ಲಿ ಒಂದು ಗಳಿಗೆ ನಿಂತು ಮರಳಿದೆವು.

ಮರಳುವಾಗ, ಬಾಗಿಲಿನ ಬೆಳಕು ಕಾಣತೊಡಗಿದಾಗ, ಹುಡುಗ ನಮ್ಮ ಕೈ ಅಲುಗಿಸಿದ. ಅಫಜಲಪುರದ ಗೆಳೆಯರು ಸೊಂಟದುದ್ದ ನೀರಿನಲ್ಲಿ ಒಬ್ಬರೇ ನಿಂತಿದ್ದರು. ಒಂದು ಕೈ ಗೋಡೆಯ ಮೇಲಿತ್ತು. ಕಣ್ಣು ಮುಚ್ಚಿದ್ದವು. ಹುಡುಗ ಹೋಗಿ ಪಕ್ಕದಲ್ಲಿ ನಿಂತ, ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೆಳೆಯರೇ ಬೊಗಸೆಯಲ್ಲಿ ನೀರೆತ್ತಿ ಮಗನ ತಲೆಯ ಮೇಲೆ ಸುರಿದರು. ಅವರು ಒಳಗಿನವರೆಗೆ ಹೋಗಲಿಲ್ಲ. ಹೋಗಬೇಕೆಂದು ನಾವೂ ಬಯಸಲಿಲ್ಲ.

ದಾರಿತೋರುವ ಕೊಳಗಳು

ಅಲ್ಲಿಂದ ಪಾಪನಾಶದ ಕೊಳಕ್ಕೂ, ಗುರುನಾನಕ್ ಝೀರಾಕ್ಕೂ ಹೋದೆವು. ಹದಿನಾರನೆಯ ಶತಮಾನದ ಆರಂಭದಲ್ಲಿ ಗುರುನಾನಕರು ಇಲ್ಲಿಗೆ ಬಂದಾಗ ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರ ಮೊರೆಗೆ ಕರಗಿ, ಪಾದದಿಂದ ಕಲ್ಲು ಸರಿಸಿ ಒರತೆ ತೋರಿದರೆಂಬ ನಂಬಿಕೆಯಿದೆ. ಲಂಗರಿನಲ್ಲಿ ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದಾಗ ನಮ್ಮ ಮಠಗಳ ದಾಸೋಹವೇ ನೆನಪಾಯಿತು. ಸಂಜೆಗೆ ನೌಬಾದಿನ ಕರೇಜನ್ನು ಕಂಡೆವು. ಬಹಮನಿ ಅರಸರು 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದ ಮೇಲೆ, ಪರ್ಶಿಯಾದ ಪದ್ಧತಿಯಂತೆ ಇದೇ ಜಂಬಿಟ್ಟಿಗೆಯನ್ನು ಕೊರೆದು ನೆಲದಡಿಯ ಕಾಲುವೆ ನಿರ್ಮಿಸಿದರು. ಉದ್ದಕ್ಕೂ ಗಾಳಿ ಬೆಳಕಿಗೆಂದು ಬಾವಿಯಂಥ ಕಿಂಡಿಗಳು. ಯಂತ್ರವಿಲ್ಲದೆ, ಇಳಿಜಾರಿನ ಬಲದಿಂದಲೇ ನೀರು ಹರಿಯುವ ಏರ್ಪಾಡು. ಪ್ರಕೃತಿಯು ಕಲ್ಲಿನಲ್ಲಿ ಬಚ್ಚಿಟ್ಟದ್ದನ್ನು ಮನುಷ್ಯನ ಬುದ್ಧಿ ಹೊರಗೆ ಕರೆದ ರೀತಿಯಿದು.

ಹೊರಡುವವರಿಗೆ ನಾಲ್ಕು ಮಾತು

ನಮ್ಮ ಅನುಭವದಿಂದ ಕಲಿತುದನ್ನು ಓದುಗ ಬಾಂಧವರ ಮುಂದಿಡುವುದು ನಮ್ಮ ಕರ್ತವ್ಯ. ಖಣಿಯ ಹೊಂಡ, ಕೃಷಿಹೊಂಡ, ಮರಳು ತೆಗೆದ ಹೊಳೆಯ ತಗ್ಗು ಇವುಗಳಿಗೆ ಈಜು ಬಲ್ಲವರೂ ಇಳಿಯಬಾರದು. ಬಾವಿಗೆ ಮೆಟ್ಟಿಲಿರುತ್ತವೆ, ಕೆರೆಗೆ ಇಳಿಜಾರು ದಂಡೆಯಿರುತ್ತದೆ, ಖಣಿಗೆ ಗೋಡೆ ಮಾತ್ರ. ಮುಳುಗುವವರು ಹೆಚ್ಚಾಗಿ ಕೂಗುವುದಿಲ್ಲವಾದ್ದರಿಂದ ನೀರಿನಲ್ಲಿರುವವರ ಮೇಲೆ ದಂಡೆಯ ಮೇಲಿನ ಒಬ್ಬರ ಕಣ್ಣು ಸದಾ ಇರಬೇಕು. ಆಪತ್ತಿನಲ್ಲಿ ಹಾರುವುದಕ್ಕಿಂತ ಹಗ್ಗ, ಕೋಲು, ಸೀರೆ, ಬಿರಡೆ ಹಾಕಿದ ಖಾಲಿ ಕ್ಯಾನು ಎಸೆಯುವುದೇ ಸರಿಯಾದ ಕ್ರಮ. ಮೇಲೆತ್ತಿದವರನ್ನು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಅದುಮುವುದು ಹಳ್ಳಿಗಳಲ್ಲಿ ಉಳಿದುಬಂದ ತಪ್ಪು ರೂಢಿ. ಅದರಿಂದ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತ ಎದೆಯ ನಡುವೆ ಒತ್ತುವ ಕ್ರಮವನ್ನು ತಕ್ಷಣ ಆರಂಭಿಸಿ, 108ಕ್ಕೆ ಕರೆಮಾಡಬೇಕು. ಈ ಕ್ರಮವನ್ನು ಹತ್ತಿರದ ಆಸ್ಪತ್ರೆಯವರಿಂದ ಕೇಳಿ ಕಲಿತಿಡುವುದು ಪ್ರತಿ ಮನೆಗೂ ಅವಶ್ಯಕ. ಝರಣಿಯ ಗುಹೆಯಂಥ ಕಡೆಗೆ ಹೃದ್ರೋಗಿಗಳು, ದಮ್ಮಿನ ತೊಂದರೆಯುಳ್ಳವರು ಹೋಗದಿರುವುದೇ ಲೇಸು. ಒಳಗೆ ಉಸಿರು ಭಾರವೆನಿಸಿದರೆ ಸಂಕೋಚಪಡದೆ ಹಿಂದಿರುಗಬೇಕು. ಅರ್ಧದಾರಿಯಿಂದ ಮರಳಿದವರ ಭಕ್ತಿಗೇನೂ ಕುಂದಿಲ್ಲ.

ಭಾನುವಾರ ರಾತ್ರಿ ಆಳಂದಕ್ಕೆ ಬಂದಿಳಿದಾಗ ಮನೆಯವರು, ‘ಗವಿ ನೋಡಲಿಕ್ಕೆ ಗಂಡಸರೇ ಹೋಗಬೇಕಂತ ಎಲ್ಲಿ ಬರದದ?’ ಎಂದು ಕೇಳಿದರು. ಅಕ್ಕನಾಗಮ್ಮನವರ ಗವಿಯನ್ನು ಕಂಡುಬಂದ ನಮ್ಮಲ್ಲಿ ಉತ್ತರವಿರಲಿಲ್ಲ. ಮಾಘಮಾಸದ ಜಾತ್ರೆಗೆ ಎಲ್ಲರೂ ಕುಟುಂಬ ಸಮೇತ ಉಳವಿಗೆ ಹೋಗುವುದೆಂದು ಅಲ್ಲಿಯೇ ನಿಶ್ಚಯವಾಯಿತು.

ಬೀಳ್ಕೊಡುವಾಗ ಅಫಜಲಪುರದ ಗೆಳೆಯರು ಹಗ್ಗವನ್ನೂ ಕ್ಯಾನನ್ನೂ ಇಳಿಸಿಕೊಳ್ಳಲು ಬಾಗಿದರು. ಬೇಳೆಯ ವ್ಯಾಪಾರಿಗಳು ತಡೆದು, ‘ಅದು ಜೀಪಿನ್ಯಾಗ ಇರ್ಲಿರಿ ಗೌಡ್ರ, ನಿಮಗ ಹೊಸಾದು ಕೊಡಸ್ತೀನಿ’ ಎಂದರು. ಇಂದಿಗೂ ಆ ಹಗ್ಗ ಅದೇ ಸೀಟಿನಡಿ ಇದೆ. ಹಗ್ಗ ಹೊಸೆಯುವುದನ್ನೇ ಶಿವಪೂಜೆಯೆಂದು ಬಗೆದ ಶರಣರ ನಾಡಿನವರು ನಾವು. ಒಂದು ಹಗ್ಗದ ಬೆಲೆಯೇನೆಂಬುದನ್ನು ತಿಳಿಯಲು ನಮಗೆ ಇಷ್ಟು ದೂರದ ಪಯಣ ಬೇಕಾಯಿತು.